ಬೀದಿ ಕಾಣುವ ಕುರ್ಚಿ

ನೆಗ್ರೊ ನದಿಯ ದಂಡೆಯ ಪಾಸೊ ಹೊಂದೊ ಊರಿನಲ್ಲಿ ನಿಬಿಯಾ ಒಲಾಸಾಳನ್ನು ಅರಿಯದವರಿರಲಿಲ್ಲ. ಆದರೆ ಅವಳ ಹೆಸರನ್ನು ಒಂಟಿಯಾಗಿ ಹೇಳುವ ರೂಢಿ ಯಾರಿಗೂ ಇರಲಿಲ್ಲ. ನಿಬಿಯಾ ಎಂದ ಬಾಯಿ ಸುಲ್ಮಾ ಎನ್ನದೆ ಮುಚ್ಚುತ್ತಿರಲಿಲ್ಲ. ಬಿಸಿಲು ಇಳಿದು ಎದುರು ಸಾಲಿನ ಮನೆಗಳ ನೆರಳು ಬೀದಿಯ ನಡುವಿಗೆ ಬರುವ ಹೊತ್ತಿಗೆ ಈ ಅಕ್ಕತಂಗಿಯರು ಹುಲ್ಲು ಹೆಣೆದ ಎರಡು ಕುರ್ಚಿಗಳನ್ನು ಹೊರಗೆ ತಂದು, ಮನೆಯ ಗೋಡೆಗೆ ಬೆನ್ನು ಮಾಡಿ, ಬೀದಿಗೆ ಮುಖ ಮಾಡಿ ಕೂರುತ್ತಿದ್ದರು. ಬಿಸಿನೀರಿನ ಫ್ಲಾಸ್ಕು ನಿಬಿಯಾಳ ಎಡಗಂಕುಳಲ್ಲಿ, ಚಹದಂತೆ ಕುಡಿಯುವ ಮಾಟೆ ಎಲೆ ತುಂಬಿದ ಸೋರೆಬುರುಡೆ ಕೈಯಲ್ಲಿ. ಮೊದಲು ತಾನು ಕೊಳವೆಯಿಂದ ಹೀರುವಳು. ಮತ್ತೆ ನೀರು ಹೊಯ್ದು ತಂಗಿಗೆ ಕೊಡುವಳು. ತಂಗಿ ಹೀರಿ ಮುಗಿಸಿ ಹಿಂದಕ್ಕೆ ಚಾಚುವಳು. ಬುರುಡೆ ಹೀಗೆ ಅತ್ತಿಂದಿತ್ತ ಹೋಗಿ ಬರುತ್ತಿರುವಾಗ ಇಬ್ಬರ ಕಣ್ಣೂ ಬೀದಿಯ ಮೇಲೆ.

ಮಾತು ಬಹಳ ಕಡಿಮೆ.

"ಬೇಕರಿಯವನ ಹೆಂಡತಿ ಹೊಸ ಚಪ್ಪಲಿ ಹಾಕಿದಾಳೆ," ಎಂದು ಸುಲ್ಮಾ ಅನ್ನುವಳು.

ಬುರುಡೆ ಒಮ್ಮೆ ಹೋಗಿ ಬಂದ ಮೇಲೆ ನಿಬಿಯಾ, "ಕಚ್ತಾ ಇರಬೇಕು. ಕುಂಟ್ತಿದಾಳೆ," ಎನ್ನುವಳು.

ಅಲ್ಲಿಗೆ ಆ ವಿಷಯ ಮುಗಿಯಿತು. ಮುಂದಿನ ಮಾತಿಗೆ ಮುಂದಿನ ಮನುಷ್ಯ ಹಾದುಹೋಗಬೇಕು. ಹಾಯದಿದ್ದರೂ ಚಿಂತೆಯಿಲ್ಲ; ಮರದ ಎಲೆ ಉದುರುವುದನ್ನು ನೋಡುತ್ತ ಕೂತಿರುತ್ತಿದ್ದರು.

ಅವರಪ್ಪ ನದಿಯಲ್ಲಿ ತೆಪ್ಪ ನಡೆಸುತ್ತಿದ್ದವನು. ಸೇತುವೆಯಾದ ಮೇಲೆ ತೆಪ್ಪ ದಂಡೆಯಲ್ಲೇ ಕೊಳೆಯಿತು. ಹೆಣ್ಣುಮಕ್ಕಳಿಬ್ಬರೂ ಒಂದೊಂದು ಕೆಲಸ ಕಲಿತರು. ಕಿರಿಯವಳು ಸುಲ್ಮಾ ಹೊಲಿಗೆ ಹಿಡಿದಳು. ಶಾಲೆಗೆ ಹೋಗುವ ಮಕ್ಕಳೆಲ್ಲ ಬಿಳಿಯ ನಿಲುವಂಗಿ ತೊಟ್ಟು, ಕೊರಳಿಗೆ ನೀಲಿ ರಿಬ್ಬನ್ನಿನ ದೊಡ್ಡ ಬೋ ಕಟ್ಟಿಕೊಳ್ಳಬೇಕಲ್ಲ, ಆ ಊರಿನ ಅಂಗಿಗಳೂ ಬೋಗಳೂ ಬಹುಕಾಲ ಅವಳ ಕೈಯಿಂದಲೇ ಬಂದವು. ಒಂದು ತಲೆಮಾರಿನ ಹೆಗಲಿನ ಅಳತೆಯೆಲ್ಲ ಅವಳ ಬೆರಳಿನಲ್ಲಿತ್ತು. ಹೀಗಾಗಿ ಮುಖಕ್ಕಿಂತ ಬೆನ್ನು ನೋಡಿಯೇ ಅವಳು ಜನರನ್ನು ಚೆನ್ನಾಗಿ ಗುರುತಿಸುತ್ತಿದ್ದಳು.

ನಿಬಿಯಾ ಬೆರಳಚ್ಚು ಕಲಿತಳು. ಊರಿನ ಪುಟ್ಟ ರೇಡಿಯೊ ಕೇಂದ್ರದಲ್ಲಿ ಮಧ್ಯಾಹ್ನದ ಹೊತ್ತು ಹಳ್ಳಿಗಾಡಿನ ಜನರಿಗೆ ಸಂದೇಶ ಓದುತ್ತಿದ್ದರು. ತಂತಿಯೂ ದೂರವಾಣಿಯೂ ಇಲ್ಲದ ದೂರದ ಹುಲ್ಲುಗಾವಲುಗಳಲ್ಲಿ ಕುರಿ ದನ ಕಾಯುವವರೆಲ್ಲ ಆಗ ಕೆಲಸ ನಿಲ್ಲಿಸಿ ರೇಡಿಯೊಗೆ ಕಿವಿ ಕೊಡುವರು. 'ಕಾನ್ಯಾಸ್ ಹಳ್ಳದ ಬ್ರಾವುಲಿಯೊ ತೆಚೆರಾ ಅವರಿಗೆ: ಹೆಂಡತಿಗೆ ಗಂಡುಮಗು, ಇಬ್ಬರೂ ಕ್ಷೇಮ, ಗುರುವಾರ ರಸ್ತೆಯವರೆಗೆ ಗಾಡಿ ತರುವುದು.' ಇಂಥವನ್ನು ಜನ ಕಿಟಕಿಯ ಬಳಿ ನಿಂತು ಬಾಯಿಂದ ಹೇಳುತ್ತಿದ್ದಂತೆಯೇ ನಿಬಿಯಾ ಯಂತ್ರದಲ್ಲಿ ಹೊಡೆದು ಓದುವವನ ಕೈಗಿಡುತ್ತಿದ್ದಳು. ಇಡೀ ಸೀಮೆ ಕೇಳುವ ಮಾತಾದ್ದರಿಂದ ಮನೆಯ ಗುಟ್ಟು ಹೊರಬೀಳದಂತೆ ನೋಡಿಕೊಳ್ಳಬೇಕಿತ್ತು. ಸಾವಿನ ಸುದ್ದಿಯನ್ನಂತೂ ಯಾರೂ ನೇರವಾಗಿ ಕಳಿಸುತ್ತಿರಲಿಲ್ಲ. ಮಗ ಕುದುರೆ ಏರಿ ಒಬ್ಬನೇ ಅಷ್ಟು ದೂರ ಬರಬೇಕು. ದಾರಿಯಲ್ಲಿ ಅವನ ಎದೆ ಒಡೆಯಬಾರದು. ಅದಕ್ಕೆ ನಿಬಿಯಾ ಒಂದು ಮಾತು ಇಟ್ಟುಕೊಂಡಿದ್ದಳು: 'ತಾಯಿ ಸ್ವಲ್ಪ ಬಳಲಿದ್ದಾರೆ, ಬಂದು ಹೋಗುವುದು.' ಕೇಳಿದವರಿಗೆಲ್ಲ ಅರ್ಥವಾಗುತ್ತಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

ನಿಬಿಯಾ ಮದುವೆಯಾಗಲಿಲ್ಲ. ಸುಲ್ಮಾ ಆದಳು, ಬಸ್ ಕಂಡಕ್ಟರ್ ಗಂಡ ತೀರಿಕೊಂಡ ಮೇಲೆ ಮಗಳು ಗ್ರಾಸಿಯೆಲಾಳ ಕೈಹಿಡಿದುಕೊಂಡು ಅಕ್ಕನ ಮನೆಗೇ ಬಂದಳು. ಗ್ರಾಸಿಯೆಲಾ ಬೆಳೆದು ರಾಜಧಾನಿ ಮೊಂತೆವಿದೆಯೊ ಸೇರಿದಳು. ಅಕ್ಕತಂಗಿಯರು ಉಳಿದರು, ಕುರ್ಚಿಗಳು ಉಳಿದವು. ಎಲ್ಲರ ಜೇಬಿಗೂ ಮೊಬೈಲು ಬಂದು ರೇಡಿಯೊ ಸಂದೇಶಗಳು ನಿಂತವು. ನಿಬಿಯಾ ನಿವೃತ್ತಳಾದಳು. ಸಂಜೆಗಳಿಗೆ ಮಾತ್ರ ಯಾವ ಕುಂದೂ ಬರಲಿಲ್ಲ.

ಕುಂದು ಬಂದದ್ದು ಸುಲ್ಮಾಳ ಕಿಡ್ನಿಗಳು ಕೈಕೊಟ್ಟಾಗ. ದಿನ ಬಿಟ್ಟು ದಿನ ಯಂತ್ರಕ್ಕೆ ಹಚ್ಚಿ ರಕ್ತ ಶುದ್ಧಿ ಮಾಡಿಸಬೇಕು. ಪಾಸೊ ಹೊಂದೊದಲ್ಲಿ ಆ ಯಂತ್ರವಿಲ್ಲ. ಗ್ರಾಸಿಯೆಲಾ ಬಂದು ತಾಯಿಯನ್ನು ಕರೆದುಕೊಂಡು ಹೋದಳು. ಮಗಳ ಮನೆ ನಾಲ್ಕನೆಯ ಮಹಡಿಯಲ್ಲಿ ಎರಡು ಕೋಣೆಯದು. ಹಿಂಬದಿಯ ಕಿಟಕಿ ತೆರೆದರೆ ಇನ್ನೊಂದು ಕಟ್ಟಡದ ಗೋಡೆ.

"ನಾನೂ ಬರ್ತೀನಿ. ನೆಲದ ಮೇಲೆ ಮಲಗ್ತೀನಿ," ಎಂದಿದ್ದಳು ನಿಬಿಯಾ.

"ಇಬ್ರೂ ಹೋಗ್ಬಿಟ್ರೆ ಬೀದಿ ನೋಡೋರು ಯಾರು?" ಎಂದು ಸುಲ್ಮಾ ಬಸ್ಸು ಹತ್ತಿದಳು. ನಗಿಸಲೆಂದೇ ಆಡಿದ ಮಾತು. ಬಸ್ಸಿನ ಗಾಜಿನೊಳಗಿಂದ ಅವಳು ತಿರುಗಿ ನೋಡಿದ್ದು ಅಕ್ಕನನ್ನಲ್ಲ, ಬೀದಿಯನ್ನು.

ಆಮೇಲೆ ನಿಬಿಯಾ ಒಂದೇ ಕುರ್ಚಿ ಹೊರಗೆ ತಂದಳು. ಒಬ್ಬಳೇ ಕೂತು ಬುರುಡೆಗೆ ನೀರು ಹೊಯ್ಯುವುದು, ಒಬ್ಬಳೇ ಹೀರುವುದು. ಕಂಡದ್ದನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ. ಹೇಳದೆ ಉಳಿದ ಸಣ್ಣಸಣ್ಣ ಸಂಗತಿಗಳು ಅವಳೊಳಗೆ ತುಂಬಿಕೊಳ್ಳುತ್ತ ಹೋದವು. ಫೋನಿನಲ್ಲಿ ಹೇಳೋಣವೆಂದರೆ ಅದು ಅವರಿಬ್ಬರಿಗೂ ಒಗ್ಗದು. ಅವರ ಸ್ನೇಹವೆಲ್ಲ ಮೌನದಲ್ಲಿ ನಡೆದದ್ದು; ಫೋನಿನಲ್ಲಿ ಸುಮ್ಮನಿದ್ದರೆ ಸಂಪರ್ಕ ಕಡಿದಂತೆ.

"ಅಲೋ, ಇದೀಯಾ?"

"ಇದೀನಿ."

"ಮಾತಾಡು ಮತ್ತೆ."

"ಏನು ಮಾತಾಡ್ಲಿ?"

ಹೀಗೆ ಇಬ್ಬರೂ ಬೇಸತ್ತು ಇಟ್ಟುಬಿಡುತ್ತಿದ್ದರು.

ಒಂದು ಬೆಳಿಗ್ಗೆ ನಿಬಿಯಾಳ ಗುಂಡಿಯ ಫೋನಿಗೆ ಗ್ರಾಸಿಯೆಲಾಳಿಂದ ಸಂದೇಶ ಬಂತು. 'ದೊಡ್ಡಮ್ಮಾ, ಅಮ್ಮ ಸ್ವಲ್ಪ ಬಳಲಿದ್ದಾಳೆ. ಬಿಡುವಾದಾಗ ಬಂದು ಹೋಗಿ.'

ನಿಬಿಯಾ ಕುರ್ಚಿ ಹಿಡಿದುಕೊಂಡು ಕೂತಳು. ಆ ಮಾತನ್ನು ತನ್ನ ಕೈಯಾರೆ ಎಷ್ಟು ಮನೆಗಳಿಗೆ ಕಳಿಸಿದ್ದಳು. ಕಪ್ಪು ಲಂಗ ಮಡಿಸಿ ಚೀಲಕ್ಕೆ ಹಾಕಿ, ಬೆಕ್ಕಿಗೆ ಅನ್ನದ ತಟ್ಟೆ ತುಂಬಿಸಿ, ಸಿಕ್ಕ ಬಸ್ಸು ಹತ್ತಿದಳು. ಹೊಲಗಳು ಹಿಂದೆ ಸರಿಯುತ್ತಿದ್ದ ಆ ಹಗಲೆಲ್ಲ ಅವಳ ಕಣ್ಣಿನಲ್ಲಿ ನೀರು ಬರಲಿಲ್ಲ. ನಾಲ್ಕು ಮಹಡಿ ಹತ್ತಿ ಬಾಗಿಲು ತಟ್ಟಿದರೆ ಬಾಗಿಲು ತೆರೆದವಳು ಸುಲ್ಮಾ. ಕೈಯಲ್ಲಿ ಫೋರ್ಕು, ಗಲ್ಲದ ಮೇಲೆ ನೂಡಲ್ಸಿನ ಬೆಣ್ಣೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಏನೇ ಇದು, ಕಪ್ಪು ಬಟ್ಟೆ ತಂದಿದೀಯಾ?" ಎಂದಳು ಸುಲ್ಮಾ, ಚೀಲದಿಂದ ಹೊರಬಿದ್ದ ಅಂಚನ್ನು ನೋಡಿ.

"ನೀನು ಸತ್ತೆ ಅಂತ ಬಂದೆ."

"ಬಂದಿದ್ದು ಬಂದೆ, ಕೂತ್ಕೊ. ನೂಡಲ್ಸ್ ಆರಿಹೋಗುತ್ತೆ."

ನಿಬಿಯಾ ಕೂತಳು. ಆಗ ಬಂತು ಅಳು. ಸಂಜೆ ಕೆಲಸದಿಂದ ಬಂದ ಗ್ರಾಸಿಯೆಲಾಗೆ ವಿಷಯ ತಿಳಿಯಲು ಬಹಳ ಹೊತ್ತು ಹಿಡಿಯಿತು.

"ದೊಡ್ಡಮ್ಮಾ, ಬಳಲಿದಾಳೆ ಅಂದ್ರೆ ಬಳಲಿದಾಳೆ ಅಷ್ಟೆ. ನಿಮ್ಮನ್ನ ನೋಡ್ಬೇಕು ಅಂತ ಆಸೆಪಡ್ತಿದ್ಲು, ಅದಕ್ಕೆ ಬರೆದೆ."

"ಇನ್ಮೇಲೆ ನಿನ್ನ ಬರವಣಿಗೆ ನಂಬಲ್ಲ ಕಣಮ್ಮ. 'ಚೆನ್ನಾಗಿದಾಳೆ' ಅಂತ ಬರೆದ್ರೂ ನಂಬಲ್ಲ. ನಾನೇ ಕಣ್ಣಾರೆ ನೋಡ್ಬೇಕು."

"ಹಾಗಾದ್ರೆ ಊರಿಗೆ ಹೋದ ಕೂಡ್ಲೆ ಲ್ಯಾಪ್‌ಟಾಪೋ ಟ್ಯಾಬ್ಲೆಟ್ಟೋ ಏನಾದ್ರೂ ಒಂದು ತಗೊಳ್ಳಿ. ದಿನಾ ಸಂಜೆ ಅಮ್ಮನ್ನ ನೋಡ್ಬಹುದು. ಇಲ್ಲಿ ನನ್ನ ಕಂಪ್ಯೂಟರಿನ ಮುಂದೆ ಅಮ್ಮ ಕೂತ್ಕೊತಾಳೆ."

"ಎರಡರಲ್ಲಿ ಯಾವುದು?"

"ಯಾವುದಾದ್ರೂ ಒಂದೇ," ಎಂದಳು ಗ್ರಾಸಿಯೆಲಾ. ಅದು ಸರಿಯಲ್ಲವೆಂದು ಅವಳಿಗೂ ಆಗ ಗೊತ್ತಿರಲಿಲ್ಲ.

ಪಾಸೊ ಹೊಂದೊದಲ್ಲಿ ಇಂಥವನ್ನು ಮಾರುವುದು ಅರಿಯೆಲ್ ಬ್ರೂಮನ ಅಂಗಡಿಯೊಂದೇ. ಅರಿಯೆಲ್ ಐವತ್ತರ ಹತ್ತಿರದವನು. ಅವನ ಮೊದಲ ಬಿಳಿ ಅಂಗಿ ಹೊಲಿದದ್ದು ಸುಲ್ಮಾ. ನಿಬಿಯಾ ಒಳಗೆ ಬಂದದ್ದೇ ಅವನು ರೇಡಿಯೊ ತಗ್ಗಿಸಿ, ಹಿರಿಯರಿಗೆ ಸಲ್ಲುವ ಗೌರವದಿಂದ ಕರೆದ.

"ಬನ್ನಿ ದೋನ್ಯಾ ನಿಬಿಯಾ. ದೋನ್ಯಾ ಸುಲ್ಮಾ ಹೇಗಿದಾರೆ?"

"ಅದನ್ನ ನೋಡೋಕೇ ಒಂದು ಯಂತ್ರ ಬೇಕಪ್ಪ. ಲ್ಯಾಪ್‌ಟಾಪಿಗೂ ಟ್ಯಾಬ್ಲೆಟ್ಟಿಗೂ ಏನು ವ್ಯತ್ಯಾಸ?"

"ಒಂದಕ್ಕೆ ಕೀಲಿಮಣೆ ಇದೆ, ಮೇಜಿನ ಮೇಲಿಟ್ಟು ಕೆಲಸ ಮಾಡೋದು. ಇನ್ನೊಂದು ಬರೀ ಹಲಗೆ, ಕೈಲಿ ಹಿಡ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು."

"ಹಿಡ್ಕೊಳ್ಳೋಕೆ ಕೈ ಎಲ್ಲಿದೆ? ಕಂಕುಳಲ್ಲಿ ಫ್ಲಾಸ್ಕು, ಕೈಲಿ ಬುರುಡೆ."

ಅರಿಯೆಲ್ ತನ್ನ ಕಂಕುಳಿನ ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ನಕ್ಕ. "ನಿಜ. ಈ ದೇಶದಲ್ಲಿ ಏನು ಮಾರೋದಾದ್ರೂ ಜೊತೆಗೊಂದು ಮೂರನೇ ಕೈ ಕೊಡ್ಬೇಕು."

ಅವನು ಎರಡನ್ನೂ ಎದುರಿಗಿಟ್ಟ. ಉಳಿಸಿದ ಪಿಂಚಣಿ ಒಂದಕ್ಕೇ ಸಾಕಾಗುವಷ್ಟಿತ್ತು. ನಿಬಿಯಾ ಟ್ಯಾಬ್ಲೆಟ್ಟಿನ ಮೇಲೆ ಬೆರಳಾಡಿಸಿದಳು: ತಣ್ಣನೆಯ ಗಾಜು, ಒತ್ತಿದರೆ ಏನೂ ತಗ್ಗುವುದಿಲ್ಲ, ಸದ್ದೂ ಇಲ್ಲ. ಆಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದಳು. ಕೀಲಿಗಳನ್ನು ಕಂಡದ್ದೇ ತಡ, ಬೆರಳುಗಳು ಅವಳನ್ನು ಕೇಳದೆ ಹೋಗಿ ತಮ್ಮತಮ್ಮ ಜಾಗದಲ್ಲಿ ಕೂತವು. ನಿವೃತ್ತಳಾದ ಮೇಲೆ ಆ ಬೆರಳುಗಳು ಪಾತ್ರೆ ತೊಳೆದಿದ್ದವು, ಬಟಾಣಿ ಬಿಡಿಸಿದ್ದವು, ಬೆಕ್ಕಿನ ಬೆನ್ನು ಸವರಿದ್ದವು. ತಮ್ಮ ಕೆಲಸ ಯಾವುದೆಂದು ಮರೆತಿರಲಿಲ್ಲ. ಅವಳು ಒಂದು ಸಾಲು ಹೊಡೆದಳು. ಕಾನ್ಯಾಸ್ ಹಳ್ಳದವರಿಗೆ. ಇನ್ನೊಂದು ಸಾಲು. ರಸ್ತೆಯವರೆಗೆ ಗಾಡಿ ತರುವುದು. ಕಣ್ಣು ಪರದೆಯ ಮೇಲಿರಲಿಲ್ಲ. ಕಿಟಕಿಯಾಚೆ ಎಲ್ಲೋ ಇತ್ತು.

"ಒಂದೂ ತಪ್ಪಿಲ್ಲ," ಎಂದ ಅರಿಯೆಲ್, ಬಗ್ಗಿ ನೋಡಿ.

"ಇದೇ ಇರಲಿ," ಎಂದಳು ನಿಬಿಯಾ. "ಪರದೆ ದೊಡ್ಡದಾಗಿದ್ರೆ ಸುಲ್ಮಾ ಚೆನ್ನಾಗಿ ಕಾಣ್ತಾಳೆ."

ಅರಿಯೆಲ್‌ಗೆ ಕಾರಣ ಬೇರೆಯೆಂದು ಗೊತ್ತಾಯಿತು. "ತಿಂಗಳೊಳಗೆ ಬೇಡ ಅನ್ನಿಸಿದ್ರೆ ಬದಲಾಯಿಸಿ ಕೊಡ್ತೀನಿ," ಎಂದಷ್ಟೇ ಹೇಳಿ, ತಾನೇ ಮನೆಗೆ ಬಂದು ಟೆಲಿಫೋನಿನ ಸಾಲಿಗೆ ವೈಫೈ ಪೆಟ್ಟಿಗೆ ಜೋಡಿಸಿ, ಒತ್ತಬೇಕಾದ ಜಾಗಗಳನ್ನು ತೋರಿಸಿ ಹೋದ.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಸುಲ್ಮಾ ಕಾಣಿಸಿಕೊಂಡಳು. ದೊಡ್ಡದಾಗಿ, ಬಣ್ಣದಲ್ಲಿ, ಕಣ್ಣೆದುರಿಗೆ. ನಿಬಿಯಾಳಿಗೆ ಎದೆ ತುಂಬಿ ಬಂತು. ಅನಂತರ ಏನು ಮಾಡಬೇಕೆಂದು ತಿಳಿಯಲಿಲ್ಲ. ಜೀವಮಾನವೆಲ್ಲ ಪಕ್ಕಪಕ್ಕ ಕೂತವರು ಎದುರುಬದುರಾಗಿದ್ದರು.

"ಯಾಕೇ ಹಾಗೆ ದುರುಗುಟ್ಟಿ ನೋಡ್ತೀಯ?" ಎಂದಳು ಸುಲ್ಮಾ.

"ಮತ್ತೆಲ್ಲಿ ನೋಡ್ಲಿ? ನೀನೇ ಇರೋದು ಎದುರಿಗೆ."

"ತಲೆ ಬಾಚ್ಕೊಂಡಿಲ್ವಾ?"

"ಬಾಚ್ಕೊಂಡೇ ಕೂತಿದೀನಿ."

"ಬಾಚ್ಕೊಂಡೂ ಹೀಗೇನಾ?"

ಸ್ವಲ್ಪ ಹೊತ್ತು ಇಬ್ಬರೂ ಒಬ್ಬರ ಮುಖದ ಸುಕ್ಕನ್ನು ಒಬ್ಬರು ಎಣಿಸುವಂತೆ ಕೂತರು. ಪೊಲೀಸು ಠಾಣೆಯಲ್ಲಿ ವಿಚಾರಣೆಗೆ ಕೂತ ಹಾಗಿತ್ತು. ಮೂರು ಸಂಜೆ ಹೀಗೇ ಕಳೆದ ಮೇಲೆ ಸುಲ್ಮಾ ತಡೆಯಲಾರದೆ ಹೇಳಿದಳು:

"ನಿನ್ನ ಮುಖ ನೋಡೋಕೆ ನಂಗೇನು ಬರವಾ ನಿಬಿ? ಹುಟ್ಟಿದಾಗಿಂದ ನೋಡ್ತಿದೀನಿ. ಬೀದಿ ತೋರಿಸು. ಇಲ್ಲಿ ಕಿಟಕಿ ತೆಗೆದ್ರೆ ಗೋಡೆ, ಆಸ್ಪತ್ರೆಗೆ ಹೋದ್ರೆ ಗೋಡೆ. ನಂಗೆ ಬೀದಿ ನೋಡ್ಬೇಕು."

ಮರುದಿನ ನಿಬಿಯಾ ಸುಲ್ಮಾಳ ಕುರ್ಚಿಯನ್ನು ಹೊರಗೆ ತಂದು ತನ್ನ ಕುರ್ಚಿಯ ಪಕ್ಕಕ್ಕಿಟ್ಟಳು. ಲ್ಯಾಪ್‌ಟಾಪನ್ನು ಬಿಚ್ಚಿ ಅದರ ಮೇಲಿಟ್ಟು ಪರದೆಯನ್ನು ಬೀದಿಗೆ ತಿರುಗಿಸಿದಳು. ಆ ಯಂತ್ರಕ್ಕೆ ಒಂದೇ ಕಣ್ಣು, ಅದೂ ಪರದೆಯ ನೆತ್ತಿಯ ಮೇಲೆ. ಬೀದಿ ಸುಲ್ಮಾಗೆ ಕಂಡಿತು. ಒಳಗಿಂದ ಒಂದು ನಿಟ್ಟುಸಿರು ಕೇಳಿಸಿತು. ಆದರೆ ನಿಬಿಯಾಳ ಕಣ್ಣಿಗೆ ಸಿಕ್ಕಿದ್ದು ಬೂದುಬಣ್ಣದ ಮುಚ್ಚಳದ ಬೆನ್ನು ಮಾತ್ರ.

ಇರಲಿ ಎಂದುಕೊಂಡು ಅವಳು ಫ್ಲಾಸ್ಕು ಹಿಡಿದು ಕೂತಳು. ಒಳಗೆ ತುಂಬಿಕೊಂಡಿದ್ದನ್ನೆಲ್ಲ ಅಂದು ಹೇಳಿದಳು. ಔಷಧಿ ಅಂಗಡಿಯವನ ನಾಯಿ ಮರಿ ಹಾಕಿದ್ದು, ಮೂಲೆಮನೆಯ ದಂಪತಿ ಮತ್ತೆ ಮಾತು ಬಿಟ್ಟದ್ದು, ಚೌಕದ ಬೆಂಚಿಗೆ ಹಸಿರು ಬಣ್ಣ ಹೊಡೆದದ್ದು. ತಂಗಿ ಉತ್ತರ ಕೊಡಲಿಲ್ಲ. ಉತ್ತರ ಕೊಡದಿರುವುದು ಅವರಲ್ಲಿ ಹೊಸದೇನೂ ಅಲ್ಲ. ನಿಬಿಯಾ ಹೇಳುತ್ತಲೇ ಹೋದಳು.

ಬೀದಿಯ ಆಚೆ ಕೂತಿದ್ದ ಮುದುಕ ದೋನ್ ವಾಲ್ತೆರ್ ಕೊನೆಗೆ ಕೂಗಿ ಹೇಳಿದ: "ದೋನ್ಯಾ ನಿಬಿಯಾ, ಅವ್ರು ಆಗಿಂದ ನಿದ್ದೆ ಮಾಡ್ತಿದಾರೆ. ಬಾಯಿ ತೆರೆದ್ಕೊಂಡು."

ನಿಬಿಯಾ ಎದ್ದು ಮುಂದೆ ಹೋಗಿ ಬಗ್ಗಿದಳು. ಸುಲ್ಮಾಳ ತಲೆ ಒಂದು ಕಡೆಗೆ ವಾಲಿತ್ತು. ಮುಖ ಬಿಳಚಿಕೊಂಡಿತ್ತು. ನಿದ್ದೆಯೇ ಅದು, ಉಸಿರಾಡುವುದು ಕಾಣುತ್ತಿತ್ತು. ಕಣ್ಣಾರೆ ನೋಡಬೇಕೆಂದು ಯಂತ್ರ ತಂದವಳು ತಾನು. ಇಷ್ಟು ಹೊತ್ತೂ ಮುಚ್ಚಳದ ಜೊತೆ ಮಾತಾಡುತ್ತಿದ್ದಳು. ಬೀದಿಯ ಆಚೆಯವನಿಗೆ ಕಂಡದ್ದು ಪಕ್ಕದಲ್ಲಿದ್ದವಳಿಗೆ ಕಂಡಿರಲಿಲ್ಲ. ಸುಲ್ಮಾಳ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡರೆ ಅವಳಿಗೆ ಬೀದಿ ಇಲ್ಲ. ಬೀದಿಗೆ ತಿರುಗಿಸಿದರೆ ತನಗೆ ಸುಲ್ಮಾ ಇಲ್ಲ.

ಬೆಳಿಗ್ಗೆ ಅರಿಯೆಲ್‌ನ ಅಂಗಡಿಗೆ ಹೋಗಿ ಸಂಗತಿ ಹೇಳಿದಳು. ಅವನು ಮೊದಲು ನಕ್ಕ, ಆಮೇಲೆ ಗಂಭೀರನಾಗಿ ಟ್ಯಾಬ್ಲೆಟ್ಟನ್ನು ತಿರುಗಿಸಿ ಹಿಡಿದ.

"ಇದಕ್ಕೆ ಎರಡು ಕಣ್ಣು, ದೋನ್ಯಾ. ಮುಂದೊಂದು, ಬೆನ್ನಲ್ಲೊಂದು. ಪರದೆ ನಿಮ್ಮ ಕಡೆ ಇರುತ್ತೆ, ಬೆನ್ನಿನ ಕಣ್ಣು ಬೀದಿ ನೋಡ್ತಿರುತ್ತೆ. ನಿಮಗೆ ಅವರು ಕಾಣ್ತಾರೆ, ಅವರಿಗೆ ಬೀದಿ ಕಾಣುತ್ತೆ. ಆದ್ರೆ ಒಂದು ಸಲಕ್ಕೆ ಒಂದೇ ಕಣ್ಣು. ನೀವು ಮಾತ್ರ ಅವರಿಗೆ ಕಾಣಲ್ಲ."

"ನನ್ನನ್ನ ನೋಡಿ ಅವಳಿಗೆ ಸಾಕಾಗಿದೆ," ಎಂದಳು ನಿಬಿಯಾ.

ಲ್ಯಾಪ್‌ಟಾಪನ್ನು ಅವಳು ಆಗಲೇ ಕೊಡಲಿಲ್ಲ. ಮನೆಗೆ ಹಿಂದಿರುಗಿ ಮೇಜಿನ ಮುಂದೆ ಕೂತು ಮುಚ್ಚಳ ಎತ್ತಿದಳು. ಹಳೆಯ ಕಡವುಗಳ ಹೆಸರು, ಹಳ್ಳಗಳ ಹೆಸರು, ಈಗ ಯಾರೂ ವಾಸವಿಲ್ಲದ ಹುಲ್ಲುಗಾವಲಿನ ಮನೆಗಳ ಹೆಸರು, ಒಂದಾದ ಮೇಲೊಂದು ಹೊಡೆಯುತ್ತ ಹೋದಳು. ಹಿಂದೆ ಹೀಗೆ ಹೊಡೆದ ಒಂದೊಂದು ಹೆಸರಿಗೂ ದೂರದಲ್ಲಿ ಯಾರೋ ತಲೆ ಎತ್ತುತ್ತಿದ್ದರು. ಕೀಲಿಗಳ ಸದ್ದು ಖಾಲಿ ಅಡುಗೆಮನೆಯಲ್ಲಿ ಸಣ್ಣಗೆ ಮಳೆ ಬಿದ್ದಂತೆ ಕೇಳಿಸಿತು. ಬೆಕ್ಕು ಬಂದು ನೋಡಿ ಹೋಯಿತು. ಬರೆದದ್ದನ್ನೆಲ್ಲ ಅಳಿಸಿ, ಕೀಲಿಗಳನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿಟ್ಟು ಅಂಗಡಿಗೆ ಒಯ್ದಳು.

"ಟ್ಯಾಬ್ಲೆಟ್ಟಿಗೂ ಸೇರಿಸೋ ಹಾಗೆ ಬೇರೆ ಕೀಲಿಮಣೆ ಸಿಗುತ್ತೆ. ತರಿಸ್ಲಾ?" ಎಂದ ಅರಿಯೆಲ್.

"ಬೇಡಪ್ಪ. ಬೆರಳಿಗೆ ಆಸೆ ಹುಟ್ಟಿಸಿದ್ದು ಸಾಕು."

ಹೊರಡುವ ಮುನ್ನ ಸುಲ್ಮಾಗೆ ಫೋನು ಮಾಡಿದಳು.

"ಟ್ಯಾಬ್ಲೆಟ್ ತಗೊಂಡೆ ಕಣೇ."

"ಯಾಕೆ? ಮತ್ತೆ ಬಿಪಿ ಜಾಸ್ತಿಯಾಯ್ತಾ?"

"ನುಂಗೋದಲ್ಲವೇ, ನೋಡೋದು."

"ಅಯ್ಯೋ, ನನ್ನ ಹತ್ರ ಡಬ್ಬದ ತುಂಬ ನುಂಗೋದೇ ಇದೆ. ನೋಡೋದು ಬಂದ್ರೆ ಒಳ್ಳೇದೇ."

ಸಂಜೆ ನಿಬಿಯಾ ಸುಲ್ಮಾಳ ಕುರ್ಚಿಯನ್ನು ತನ್ನ ಎದುರಿಗೆ, ಸ್ವಲ್ಪ ಓರೆಯಾಗಿ, ಅದರ ಬೆನ್ನು ಬೀದಿಯ ಕಡೆಗೆ ಬರುವಂತೆ ಇಟ್ಟಳು. ಹೊಲಿಗೆಯ ಡಬ್ಬದಲ್ಲಿ ಉಳಿದಿದ್ದ ನೀಲಿ ರಿಬ್ಬನ್ನಿನಿಂದ ಟ್ಯಾಬ್ಲೆಟ್ಟನ್ನು ಕುರ್ಚಿಯ ಬೆನ್ನುಪಟ್ಟಿಗೆ ಕಟ್ಟಿದಳು. ಪಟ್ಟಿಗಳ ನಡುವಿನ ಸಂದಿಯಿಂದ ಬೆನ್ನಿನ ಕಣ್ಣು ಬೀದಿಯನ್ನು ನೋಡಿತು. ಪರದೆಯಲ್ಲಿ ಸುಲ್ಮಾ. ಎರಡು ಕೈಯೂ ಖಾಲಿ. ಫ್ಲಾಸ್ಕು ಕಂಕುಳಿಗೆ ಬಂತು, ಬುರುಡೆ ಅಂಗೈಗೆ ಬಂತು.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಇದು ಫೋನಿನ ಮೌನದಂತಿರಲಿಲ್ಲ.

"ಮರ ಯಾಕೆ ಕಡಿದಿದಾರೆ?" ಎಂದಳು ಸುಲ್ಮಾ ಕೊನೆಗೆ.

"ಕಡಿದಿಲ್ಲ, ಕೊಂಬೆ ಸವರಿದಾರೆ. ಪ್ರತಿ ವರ್ಷ ಸವರ್ತಾರಲ್ಲ."

"ಈ ವರ್ಷ ಜಾಸ್ತಿ ಸವರಿದಾರೆ." ಇನ್ನಷ್ಟು ಹೊತ್ತು. "ಅದು ಮಾಲ್ದೊನಾದೊ ಹುಡುಗ ಅಲ್ವಾ, ಸೈಕಲ್ ತಳ್ಕೊಂಡು ಹೋಗ್ತಿರೋನು? ಎಡಗಡೆ ಹೆಗಲು ತಗ್ಗು."

"ಅವನೇ. ಈಗ ಅವನಿಗೇ ಮಕ್ಕಳಿವೆ."

"ಮಕ್ಕಳ ಹೆಗಲೂ ಹಾಗೇ ಇರುತ್ತೆ ನೋಡು."

ನಿಬಿಯಾಳಿಗೆ ಆ ಸಂಜೆ ಬೀದಿ ಕಾಣಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಷ್ಟು ವರ್ಷಗಳಲ್ಲಿ, ಬೀದಿ ನೋಡುವಾಗ ತಂಗಿಯ ಮುಖ ಹೇಗಿರುತ್ತದೆಂದು ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಈಗ ನೋಡಿದಳು. ತುಟಿ ಸ್ವಲ್ಪ ತೆರೆದಿತ್ತು. ಯಾರಾದರೂ ಹಾದುಹೋದರೆ ಕಣ್ಣು ಅವರನ್ನು ಬೀದಿಯ ತುದಿಯವರೆಗೆ ಕಳಿಸಿ ಬರುತ್ತಿತ್ತು. ಯಾರೂ ಇಲ್ಲದಾಗ ಆ ಮುಖ ಬಾಗಿಲ ಬಳಿ ಕಾಯುವವರ ಮುಖವಾಗುತ್ತಿತ್ತು. ಬಸ್ಸಿನ ಗಾಜಿನೊಳಗೆ ಕಂಡದ್ದು ಇದೇ ಮುಖ. ಊರು ಬಿಟ್ಟವಳ ಸಂಕಟ ಅಲ್ಲಿ ಇಷ್ಟಿತ್ತೆಂದು, ತಮಾಷೆಯ ಮಾತುಗಳ ಹಿಂದೆ ಅವಳು ಅದನ್ನು ಇಷ್ಟು ದಿನ ಮುಚ್ಚಿಟ್ಟಿದ್ದಳೆಂದು ನಿಬಿಯಾಳಿಗೆ ಈಗ ತಿಳಿಯಿತು.

"ನೀನು ನನ್ನನ್ನೇ ನೋಡ್ತಿದೀಯ," ಎಂದಳು ಸುಲ್ಮಾ ಇದ್ದಕ್ಕಿದ್ದಂತೆ.

"ನಿಂಗೆ ಹೇಗೆ ಗೊತ್ತು? ನಾನು ಕಾಣಲ್ವಲ್ಲ."

"ಬೇಕರಿಯವನ ಹೆಂಡ್ತಿ ಕೈ ಬೀಸಿದ್ಲು, ನೀನು ತಿರುಗಿ ನಮಸ್ಕಾರ ಹೇಳ್ಲಿಲ್ಲ. ಬೀದಿ ನೋಡೇ ಮಹರಾಯ್ತಿ. ಅದಕ್ಕೇ ನಿನ್ನನ್ನ ಅಲ್ಲಿ ಬಿಟ್ಟು ಬಂದಿರೋದು."

ಶಾಲೆ ಬಿಟ್ಟ ಹೊತ್ತಿನಲ್ಲಿ ಮಕ್ಕಳು ಬಿಳಿಬಿಳಿಯಾಗಿ ಹಾದುಹೋಗುವರು. ಈಗಿನವು ಅಂಗಡಿಯ ಸಿದ್ಧ ಅಂಗಿಗಳು. ಒಮ್ಮೆ ಒಬ್ಬ ಪುಟ್ಟ ಹುಡುಗಿಯ ಬೋ ಬಿಚ್ಚಿ ಜೋತಾಡುತ್ತಿರುವುದನ್ನು ಕಂಡು ಸುಲ್ಮಾ ಸುಮ್ಮನಿರಲಾರದೆ, "ಕರಿ ಅವಳನ್ನ, ಕಟ್ಟು," ಎಂದಳು. ನಿಬಿಯಾ ಬುರುಡೆ ಕೆಳಗಿಟ್ಟು ಕಟ್ಟಲು ಹೋದಳು. "ಹಾಗಲ್ಲ. ಎಡಗಡೆ ಕಿವಿ ದೊಡ್ಡದಾಯ್ತು. ಕೆಳಗಿಂದ ತಗೊ. ಕೆಳಗಿಂದ." ಹುಡುಗಿ ಕತ್ತು ಎತ್ತಿ ನಿಂತಿದ್ದಳು. ನಿಬಿಯಾ ಕುರ್ಚಿಯ ಅಂಚಿನಿಂದ ಕತ್ತು ಚಾಚಿ ಪರದೆಯನ್ನು ನೋಡಿದಳು. ಅಲ್ಲಿ, ಇಲ್ಲದ ರಿಬ್ಬನ್ನನ್ನು ಗಾಳಿಯಲ್ಲಿ ಹಿಡಿದು, ಇಲ್ಲದ ಗಂಟನ್ನು ಸುಲ್ಮಾಳ ಎರಡು ಕೈಗಳೂ ಕಟ್ಟುತ್ತಿದ್ದವು. ಒಂದು ತೋಳಿನ ಮೇಲೆ ಸೂಜಿ ಚುಚ್ಚಿದ ಜಾಗಕ್ಕೆ ಅಂಟಿಸಿದ ಬಿಳಿ ಪಟ್ಟಿ.

ದಿನಗಳು ಹೀಗೆ ಹೋದವು. ಬೀದಿಯವರಿಗೂ ರೂಢಿಯಾಯಿತು. ಹಾದುಹೋಗುವವರು ಕುರ್ಚಿಯ ಬೆನ್ನಿಗೆ ತಲೆಬಾಗಿ, "ನಮಸ್ಕಾರ ದೋನ್ಯಾ ಸುಲ್ಮಾ, ಆರೋಗ್ಯ ಹೇಗಿದೆ?" ಎನ್ನುವರು. "ನಿನ್ನ ಪ್ಯಾಂಟು ಹಿಂದೆ ಹೊಲಿಗೆ ಬಿಟ್ಟಿದೆ, ಮೊದಲು ಅದರ ಆರೋಗ್ಯ ನೋಡ್ಕೊ," ಎಂದು ಕುರ್ಚಿ ಉತ್ತರ ಕೊಡುವುದು. ದೋನ್ ವಾಲ್ತೆರ್ ಬೀದಿ ದಾಟುವಾಗಲೆಲ್ಲ ಕೈಯಿಂದ ಹಿಂಬದಿ ಮುಟ್ಟಿ ನೋಡಿಕೊಳ್ಳತೊಡಗಿದ.

ಒಂದು ಸಂಗತಿ ಮಾತ್ರ ರೂಢಿಯಾಗಲಿಲ್ಲ. ಸುಲ್ಮಾಗೆ ವೈದ್ಯರು ನೀರನ್ನು ಅಳೆದು ಕೊಟ್ಟಿದ್ದರು; ಮಾಟೆಯಂತೂ ಕೂಡದು. ನಿಬಿಯಾ ತನ್ನ ಪಾಲನ್ನು ಹೀರಿ ಮುಗಿಸಿ, ಮತ್ತೆ ಬುರುಡೆ ತುಂಬಿ, ಯೋಚಿಸದೆ ಅದನ್ನು ಕುರ್ಚಿಯ ಕಡೆಗೆ ಚಾಚಿಬಿಡುತ್ತಿದ್ದಳು. ಗಾಜಿಗೆ ಆವಿ ಹತ್ತಿ ತಂಗಿಯ ಮುಖ ಮಂಜಾಗುತ್ತಿತ್ತು. ಆಗ ಕೈ ಹಿಂದಕ್ಕೆಳೆದುಕೊಳ್ಳುವಳು. ಸುಲ್ಮಾಗೆ ಇದು ಕಾಣುತ್ತಿರಲಿಲ್ಲ. ಆದರೂ ಒಂದು ಸಂಜೆ ಅವಳು ಬೀದಿಯಿಂದ ಕಣ್ಣು ತೆಗೆಯದೆ ಕೇಳಿದಳು:

"ಈಗ ನನ್ನ ಸರದಿ ತಾನೆ?"

"ಹೌದು."

"ಬಿಸಿ ಇದೆಯಾ?"

"ಇದೆ."

"ನನ್ನ ಪಾಲಿಂದೂ ನೀನೇ ಕುಡಿ. ನಿಧಾನವಾಗಿ ಕುಡಿ."

ನಿಬಿಯಾ ನಿಧಾನವಾಗಿ ಕುಡಿದಳು. ತಳದಲ್ಲಿ ನೀರು ಮುಗಿದು ಕೊಳವೆ ಗೊರಗುಟ್ಟಿದಾಗ ಸುಲ್ಮಾ, "ಹೂಂ," ಎಂದಳು, ಕುಡಿದು ಮುಗಿಸಿದವಳಂತೆ.

ಶರತ್ಕಾಲ ಮುಗಿಯುತ್ತ ಬಂದಿತ್ತು, ಬೇಗ ಕತ್ತಲಾಗುತ್ತಿತ್ತು. ಒಂದು ಗುರುವಾರ ಸುಲ್ಮಾ ಆಸ್ಪತ್ರೆಯಿಂದ ಬಂದು ನೇರವಾಗಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಬೀದಿಯಲ್ಲಿ ಒಬ್ಬೊಬ್ಬರೇ ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಬೆಳಕು ಮಾಸಿತು.

"ಏನೂ ಕಾಣ್ತಿಲ್ಲ ಅಲ್ವಾ? ಆರಿಸ್ಲಾ?" ಎಂದಳು ನಿಬಿಯಾ.

"ಬೇಡ. ಕತ್ತಲಾದ್ರೂ ಅದೇ ಬೀದಿ ತಾನೆ. ಇನ್ನೊಂದು ಸ್ವಲ್ಪ ಇರಲಿ."

ದೂರದಲ್ಲಿ ಒಂದು ಮೋಟಾರ್ ಸೈಕಲ್ಲು ಹೋಯಿತು. ಸುಲ್ಮಾ ಅದು ಯಾರದೆಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಕಣ್ಣು ಮುಚ್ಚಿದವು, ತಲೆ ಮೆಲ್ಲಗೆ ಕುರ್ಚಿಗೆ ಒರಗಿತು. ಅವಳ ಪಕ್ಕದ ದೀಪದ ಹಳದಿ ಬೆಳಕು ಕೆನ್ನೆಯ ಮೇಲಿತ್ತು. ಶಾಲಿನ ಅಂಚು ಉಸಿರಿಗೆ ಏರಿ ಇಳಿಯುತ್ತಿತ್ತು. ನಿಬಿಯಾ ಅದು ಏರುವುದನ್ನು ನೋಡಿದಳು, ಇಳಿಯುವುದನ್ನು ನೋಡಿದಳು, ಮತ್ತೆ ಏರುವವರೆಗೆ ತನ್ನ ಉಸಿರನ್ನೂ ಹಿಡಿದಳು.

ಗ್ರಾಸಿಯೆಲಾ ಚಿತ್ರದೊಳಗೆ ಬಂದಳು. ತಾಯಿಯ ಮೇಲೆ ಕಂಬಳಿ ಹೊದಿಸಿ, ಪರದೆಯ ಕಡೆ ಬಗ್ಗಿ ಪಿಸುಗುಟ್ಟಿದಳು. "ದೊಡ್ಡಮ್ಮಾ, ಇದೀರಾ? ನಿಮ್ಮ ಕಡೆ ಬರೀ ಕತ್ತಲು. ಆರಿಸಿಬಿಡ್ಲಾ?"

"ಹೇಗಿತ್ತು ಇವತ್ತು?"

ಗ್ರಾಸಿಯೆಲಾ ಯಾವ ಮಾತನ್ನು ಬಳಸಬಾರದೆಂದು ಯೋಚಿಸುತ್ತಿದ್ದಳೇನೋ. ಆಮೇಲೆ ಪಕ್ಕಕ್ಕೆ ಸರಿದು, ತಾಯಿಯ ಮುಖ ಪೂರ್ತಿಯಾಗಿ ಕಾಣುವಂತೆ ಪರದೆಯನ್ನು ಸ್ವಲ್ಪ ಬಗ್ಗಿಸಿದಳು.

"ನೀವೇ ನೋಡಿ ದೊಡ್ಡಮ್ಮಾ."

"ಆರಿಸ್ಬೇಡ," ಎಂದಳು ನಿಬಿಯಾ.

ಅವಳು ಫ್ಲಾಸ್ಕನ್ನು ನೆಲಕ್ಕಿಟ್ಟಳು. ಎದ್ದು ತನ್ನ ಕುರ್ಚಿಯನ್ನು ಗೋಡೆಯಿಂದ ಎಳೆದು, ಮುಂದಕ್ಕೆ ತಂದು, ಎರಡು ಕುರ್ಚಿಗಳ ಮುಂಗಾಲುಗಳು ತಾಗುವಂತೆ ಹತ್ತಿರಕ್ಕಿಟ್ಟು ಕೂತಳು. ಬೀದಿಯ ಆಚೆಯಿಂದ ದೋನ್ ವಾಲ್ತೆರ್, ಬಾಗಿಲು ಹಾಕಿಕೊಳ್ಳುವ ಮುಂಚೆ, "ಶುಭರಾತ್ರಿ ದೋನ್ಯಾ ನಿಬಿಯಾ," ಎಂದ. ನಿಬಿಯಾ ತಲೆಯೆತ್ತಲಿಲ್ಲ. ಅವನು ಒಂದು ಕ್ಷಣ ನಿಂತು ನೋಡಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡ.